ಈಶಾನ್ಯ ಮೂಲೆಯ ಬಾಣಂತಿ

ಕಗ್ಗದಾಸಪುರದ ನಮ್ಮ ಖಾಲಿ ಸೈಟಿಗೆ ನಾನು ದಿನಾ ಹೋಗುತ್ತಿದ್ದುದು ಜಗಳಕ್ಕೆ. ಕಸ ಸುರಿಯುವವರ ಮೇಲೆ ಕೂಗಾಡದಿದ್ದರೆ ನನಗೆ ತಿಂದದ್ದು ಅರಗುತ್ತಿರಲಿಲ್ಲ. ಅಲ್ಲಿ ನನ್ನನ್ನೂ ಮೀರಿಸಿದ ಜಗಳಗಂಟನೊಬ್ಬ ಸಿಕ್ಕಿದ. ಬೆರಳುದ್ದದ ಮೈ, ಮಣ್ಣಿನದೇ ಬಣ್ಣ, ಒಂದು ಓತಿಕ್ಯಾತ. ಕಲ್ಲು ಹತ್ತಿ ಕತ್ತೆತ್ತಿದನೆಂದರೆ ಗಂಟಲ ಕೆಳಗಿನ ಚರ್ಮ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತಿತ್ತು. ಬಿಳಿ, ನಡುವೆ ನೀಲಿ ಗೆರೆ. ಇನ್ನೊಂದು ಗಂಡು ಹತ್ತಿರ ಸುಳಿದರೆ ಹಿಂಗಾಲ ಮೇಲೆ ಎದ್ದು ಅಟ್ಟಿಸಿಕೊಂಡು ಹೋಗುತ್ತಿದ್ದ. ಅಬ್ಬಬ್ಬಾ, ಏನು ಠೀವಿ! ಬೈಯುವುದನ್ನೇ ಮರೆತು ನೋಡುತ್ತ ಕೂತುಬಿಡುತ್ತಿದ್ದೆ.

ಆ ಸೈಟಿನಲ್ಲಿ ಸ್ವಂತ ಮನೆ ಕಟ್ಟಬೇಕೆಂಬುದು ನನ್ನ ಹೆಂಡತಿ ದೊಡ್ಡಮುನಿಯಮ್ಮನ ಆಸೆ. ಮದುವೆಯಾದಾಗಿನಿಂದ ಮರ್ಫಿ ಟೌನಿನ ಬಾಡಿಗೆ ಮನೆಯಲ್ಲಿ, ಓನರ್ ಮೋಟಾರ್ ಹಾಕಿದಾಗ ಮಾತ್ರ ನೀರು ಹಿಡಿದು ಬದುಕಿದವಳು. ಅಂತೂ ಗುದ್ದಲಿ ಪೂಜೆಗೆ ದಿನ ಗೊತ್ತಾಯಿತು. ಅದು ತಪ್ಪಿದರೆ ಆಷಾಢ, ಮತ್ತೆ ಶ್ರಾವಣದವರೆಗೆ ಮುಹೂರ್ತವಿಲ್ಲ.

ಹಿಂದಿನ ಸಂಜೆ ಸೈಟಿಗೆ ಹೋದರೆ, ಈಶಾನ್ಯ ಮೂಲೆಯಲ್ಲಿ, ಗುದ್ದಲಿ ಹಾಕಬೇಕಾದ ಜಾಗದಲ್ಲೇ, ಅವನ ಜಾತಿಯ ಹೆಣ್ಣೊಬ್ಬಳು ಮುಂಗಾಲಿನಿಂದ ಗುಳಿ ಕೆರೆದು ಮೊಟ್ಟೆಯಿಡುತ್ತಿದ್ದಳು. ಆಮೇಲೆ ಮಣ್ಣು ಎಳೆದು, ಮೂತಿಯಿಂದ ಒತ್ತಿ ಒತ್ತಿ, ಮೇಲೆ ಒಣಹುಲ್ಲು ಹರಡಿ, ಗುರುತೇ ಸಿಗದಂತೆ ಮಾಡಿ ಹೊರಟಳು. ಎಂಥ ಅಚ್ಚುಕಟ್ಟು! ಆದರೆ ಮನೆಗೆ ಹೋಗಿ ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ.

ಬೆಳಿಗ್ಗೆ ಐನೋರು ಬಂದರು, ಜೆಸಿಬಿಯೂ ಬಂತು. ದೊಡ್ಡಮುನಿಯಮ್ಮ ಅರಿಶಿನ ಹಚ್ಚಿದ ಗುದ್ದಲಿ ಎತ್ತಿದಾಗ ನಾನು ಅಡ್ಡ ನಿಂತೆ.

"ಲೇ, ಹಾಕ್ಬೇಡ. ಅಲ್ಲಿ ಓತಿಕ್ಯಾತ ಮೊಟ್ಟೆ ಇಟ್ಟೈತೆ."

"ತಲೆ ನೆಟ್ಟಗೈತೇನ್ರೀ ನಿಮ್ಗೆ? ಮುಹೂರ್ತ ಮೀರ್ತಾ ಐತೆ!"

"ನಿನ್ನೆ ಕಣ್ಣಾರೆ ನೋಡ್ದೆ ಕಣೆ. ಮಣ್ಣು ಮುಚ್ಚಿ, ಮೂತೀಲೇ ಮೆತ್ತಿ ಹೋದ್ಳು."

ಅವಳಿಗೆ ಅಳುವೇ ಬಂದುಬಿಟ್ಟಿತು. "ಇನ್ನೂ ಎಷ್ಟು ದಿನ ಆ ಓನರ್ ಹತ್ರ ಅನ್ನಿಸ್ಕೊಳ್ಳಿ ನಾನು?" ಎಂದಳು. ನ್ಯಾಯ ಅವಳ ಕಡೆಗೇ ಇತ್ತು.

ಕಣ್ಣೊರೆಸಿಕೊಂಡು ಅವಳು ಕುಕ್ಕರುಗಾಲಲ್ಲಿ ಕೂತಳು. ಒಣಹುಲ್ಲು ಸರಿಸಿದಳು. ಹಸಿ ಮಣ್ಣಿನಲ್ಲಿ ಪುಟ್ಟ ಮೂತಿಯ ಗುರುತುಗಳಿದ್ದವು. ಅವನ್ನೇ ಬಹಳ ಹೊತ್ತು ನೋಡಿ, ಹುಲ್ಲನ್ನು ಮೊದಲಿನಂತೆಯೇ ಮುಚ್ಚಿದಳು.

"ಐನೋರೆ, ಈ ಮೂಲೇಲಿ ಗುದ್ದಲಿ ಪೂಜೆ ಅವಳೇ ಮಾಡವ್ಳೆ. ನೀವು ಮಂತ್ರ ಹೇಳಿ, ಕಾಯಿ ನಾನು ಒಡೀತೀನಿ. ಅಗೆಯೋದು ಬಾಣಂತನ ಮುಗುದ್ಮೇಲೆ."

ಜೆಸಿಬಿಯವನು ಗೊಣಗುತ್ತ ಹೋದ. ಅವಳು ಅಲ್ಲಿಗೆ ಅರಿಶಿನ ಕುಂಕುಮ ಇಟ್ಟು ಮರ್ಫಿ ಟೌನಿಗೆ ಹಿಂದಿರುಗಿ, ಆಷಾಢ ಪೂರ್ತಿ ಬಿಂದಿಗೆ ಹೊತ್ತಳು. ನನಗೆ ಅವಳಿಗೇ ಕೈ ಮುಗಿಯಬೇಕೆನಿಸುತ್ತಿತ್ತು.

ಶ್ರಾವಣದ ಒಂದು ಬಿಸಿಲ ಬೆಳಿಗ್ಗೆ ಇಬ್ಬರೂ ಹೋದಾಗ ಮೂಲೆಯ ಮಣ್ಣು ಬಿರಿದಿತ್ತು. ಬೆಂಕಿಕಡ್ಡಿಯಷ್ಟೇ ಇದ್ದ ಮರಿಗಳು ಒಂದೊಂದಾಗಿ ಹೊರಬಂದು, ಯಾರೂ ಹೇಳಿಕೊಡದೆ, ಪಕ್ಕದ ಖಾಲಿ ಸೈಟಿನ ಹುಲ್ಲಿಗೆ ಓಡಿದವು. ಆ ಸೈಟಿನ ಬೇಲಿಗೆ 'ಮಾರಾಟಕ್ಕಿದೆ' ಎಂಬ ಬೋರ್ಡು ತೂಗುತ್ತಿತ್ತು.

"ಪಾಪ, ಅವೂ ಬಾಡಿಗೆ ಮನೆಗೇ ಹೋದ್ವಲ್ರೀ" ಎಂದಳು ದೊಡ್ಡಮುನಿಯಮ್ಮ.

ನಾನು ಗುದ್ದಲಿಯನ್ನು ಅವಳ ಕೈಗೆ ಕೊಟ್ಟೆ. ಮೊದಲ ಏಟನ್ನು ಬಹಳ ಮೆಲ್ಲಗೆ ಹಾಕಿದಳು.