ಕೆಳಗಿನ ಕಿಟಕಿಯಲ್ಲಿ ತೊಳೆದ ಪದ

ಆ ಮೂರು ಸಾಲು ಬಂದಾಗಲೆಲ್ಲ ಮಧುಕುಮಾರನ ಬಾಯಲ್ಲಿ ನೀರೂರುತ್ತಿತ್ತು. ಹಸಿವಿನ ನೀರಲ್ಲ, ವಾಂತಿಗೆ ಮುಂಚೆ ಬರುತ್ತದಲ್ಲ, ಆ ಹುಳಿನೀರು. ಅವನ ಅಜ್ಜಿ ಗಿಡ್ಡಮ್ಮನ ಕಲ್ಲುಪದ ಬಹಳ ಉದ್ದದ್ದು. ಬೆಟ್ಟದಿಂದ ಬಂಡೆ ಎಬ್ಬಿಸಿದ್ದು, ಹಗ್ಗ ಹರಿದು ಒಬ್ಬ ಸತ್ತದ್ದು, ಕಲ್ಲು ಮುನಿಸಿಕೊಂಡು ಕೆರೆ ಏರಿ ಮೇಲೆ ಕೂತುಬಿಟ್ಟದ್ದು, ಕೊನೆಗೆ ಗುಡಿ ಎದ್ದದ್ದು, ಎಲ್ಲವೂ ಅದರಲ್ಲಿತ್ತು. ಯಾವ ಗುಡಿ ಎಂದು ಪದ ಹೇಳುವುದಿಲ್ಲ. ಕೇಳಿದರೆ ಅಜ್ಜಿ ಹಳೇಬೀಡಿನ ದಿಕ್ಕಿಗೆ ಗಲ್ಲ ತಿರುಗಿಸುತ್ತಿದ್ದಳು. ಗುಡಿ ಮುಗಿದ ದಿನ ದೊಡ್ಡ ಊಟ. ಆ ಊಟದ ಹತ್ತಿರ ಬಂದಾಗ ಅಜ್ಜಿಯ ದನಿ ತಗ್ಗುತ್ತಿತ್ತು:

ಕಲ್ಲೆಳೆದ ಕೈಗೆ ಕೂಳಿಲ್ಲ, ಗೋಡೆಯಾಚೆ
ಎಲ್ಲಾರು ಉಂಡ ಎಲೆ ಬಂತೊ, ದೇವೀರಿ
ಜೊಲ್ಲೊರೆಸಿ ಮಗನಿಗುಣಿಸ್ಯಾಳೊ

ಈ ದೇವೀರಮ್ಮ ತಮ್ಮ ವಂಶದ ಮೂಲದವಳು ಎಂಬುದು ಮನೆಯ ನಂಬಿಕೆ. ಚಿಕ್ಕಂದಿನಲ್ಲಿ ಮಧು ಅಜ್ಜಿಯ ಸೆರಗು ಹಿಡಿದು ಪದ ಕೇಳುತ್ತ ನಿದ್ದೆ ಹೋದವನು. ಬೆಳಿಗ್ಗೆ ಬುದ್ಧವಂದನೆ ಹೇಳಿಕೊಳ್ಳುವಾಗಲೂ ಅವನ ದನಿಗೆ ಅಜ್ಜಿಯ ಧಾಟಿಯೇ ಬರುತ್ತಿತ್ತು. ಆದರೆ ಈ ಮೂರು ಸಾಲು ಮಾತ್ರ ಅವನಿಗೆ ಅನ್ನದಲ್ಲಿ ಸಿಕ್ಕ ಕೂದಲು. ಎಂಜಲು ಹತ್ತಿದ ಎಲೆ, ಅದನ್ನು ಸೆರಗಿನಲ್ಲಿ ಒರೆಸುವ ತಾಯಿ, ಬಾಯಿ ತೆರೆದು ಕೂತ ಮಗು. ಆ ಮಗುವಿನ ರಕ್ತ ತನ್ನ ಮೈಯಲ್ಲಿದೆ ಎಂದು ನೆನೆದರೆ ತನ್ನ ನಾಲಗೆಯನ್ನೇ ಸೋಪು ಹಾಕಿ ತಿಕ್ಕಬೇಕೆನಿಸುತ್ತಿತ್ತು.

ಅವರ ಮನೆಯಲ್ಲಿ ಪದ ಕೈ ಬದಲಾಯಿಸುವುದಕ್ಕೆ ಒಂದು ಕಟ್ಟಳೆ ಇತ್ತು. ಇಳಿಸುವವರು ಪದವನ್ನು ಮೊದಲಿಂದ ಕೊನೆಯವರೆಗೆ ಒಂದು ಸಲ ಹಾಡುತ್ತಾರೆ. ಕೊನೆಯ ಮಾತು ಮುಗಿದ ಮೇಲೆ ಆ ಪದಕ್ಕೆ ಅವರ ಬಾಯಿ ಮುಚ್ಚಿತು, ಮತ್ತೆ ಹಾಡುವಂತಿಲ್ಲ. ಇಳಿಸಿಕೊಂಡವರು ಅದನ್ನು ಅವರೆದುರಿಗೆ ಪೂರ್ತಿ ಹಾಡಿ ಒಪ್ಪಿಸಬೇಕು. ತಪ್ಪಿದಲ್ಲಿ ಇಳಿಸಿದವರು ತಡೆಯಬಹುದೇ ಹೊರತು ತಿದ್ದಿ ಹೇಳಿಕೊಡುವಂತಿಲ್ಲ. ಒಪ್ಪದೆ ಹೋದರೆ ಪದ ಇವರಿಗೂ ಇಲ್ಲ, ಅವರಿಗೂ ಇಲ್ಲ. ಕಲ್ಲುಪದ ನ್ಯಾಯವಾಗಿ ಅಜ್ಜಿಯ ಕಿರಿಮಗಳು ಲತಾಮಣಿಗೆ ಬರಬೇಕಾಗಿತ್ತು. ಅಂಗನವಾಡಿಯಲ್ಲಿ ಕೆಲಸ ಮಾಡುವ ಲತಾಮಣಿ, ಅದನ್ನು ಕೇಳಿದರೆ ನನಗೆ ಅನ್ನ ಇಳಿಯಲ್ಲ ಎಂದು ಕೈ ಮುಗಿದುಬಿಟ್ಟಳು. ಹಾಗಾಗಿ ಅದು ಮೊಮ್ಮಗನ ಪಾಲಿಗೆ ಬಂತು. ಫೋನು ಎದುರು ಹಿಡಿದರೆ ಅಜ್ಜಿಗೆ ದನಿ ಹೊರಡುತ್ತಿರಲಿಲ್ಲ. ಭಾನುವಾರ ಭಾನುವಾರ ಹೋಗಿ, ಅವಳು ಇಳಿಸಿದಷ್ಟನ್ನು ಕೇಳಿ, ಗೀಚಿಕೊಂಡು, ಬೇಲೂರಿನ ತನ್ನ ಬಾಡಿಗೆ ಕೋಣೆಗೆ ಮರಳಿ ಅವನು ಕಂಪ್ಯೂಟರಿಗೆ ಇಳಿಸುತ್ತಿದ್ದ. ಇಳಿಸಿದ ಮೇಲೆ ಗೀಚಿದ ಹಾಳೆಗಳನ್ನು ಹರಿದು ಬಿಸಾಡುತ್ತಿದ್ದ.

ಆ ಕಂಪ್ಯೂಟರೂ ಒಂದು ಪ್ರಾಣಿಯೇ. ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವ ಮೀನಾಕ್ಷಿ, ಅವನ ಜೊತೆ ಓದಿದವಳು, ಗುಜರಿಗೆ ಹೋಗಬೇಕಿದ್ದ ಮೆಷಿನ್ನನ್ನು ಅವನಿಗೆ ಕೊಡಿಸಿದ್ದಳು. ಭಾರದ ಸಾಫ್ಟ್‌ವೇರು ಯಾವುದೂ ಅದರಲ್ಲಿ ಓಡುತ್ತಿರಲಿಲ್ಲ, ಮೌಸು ಕೆಲಸ ಮಾಡುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ ಬರೀ ಅಕ್ಷರದ ಒಂದು ಎಡಿಟರ್ ಇತ್ತು. ಏನು ಮಾಡಿಸಬೇಕಾದರೂ ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿ, ಕೋಲನ್ ಒತ್ತಿ, ಅಪ್ಪಣೆ ಕೊಡಬೇಕು. ‘ಟ್ಯಾಬ್‌ನ್ಯೂ’ ಎಂದರೆ ಹೊಸ ಪುಟ ತೆರೆಯುತ್ತದೆ, ಜಿ ಟಿ ಒತ್ತಿದರೆ ಒಂದು ಪುಟದಿಂದ ಇನ್ನೊಂದಕ್ಕೆ ಜಿಗಿಯಬಹುದು. ‘ಸ್ಪ್ಲಿಟ್’ ಎಂದರೆ ಪರದೆ ನಡುವೆ ಸೀಳಿ ಮೇಲೊಂದು ಕಿಟಕಿ, ಕೆಳಗೊಂದು ಕಿಟಕಿ. ‘ಓನ್ಲಿ’ ಎಂದರೆ ತಾನು ಕೂತ ಕಿಟಕಿಯೊಂದನ್ನು ಬಿಟ್ಟು ಉಳಿದವೆಲ್ಲ ಮುಚ್ಚುತ್ತವೆ. ಇಷ್ಟನ್ನು ಮೀನಾಕ್ಷಿ ಒಂದು ಮಧ್ಯಾಹ್ನ ಹೇಳಿಕೊಟ್ಟು, ಉಳಿದಿದ್ದು ತಾನಾಗಿಯೇ ಬರುತ್ತೆ ಎಂದು ಹೋಗಿದ್ದಳು. ಮಧು ಒಂದೊಂದು ಪದಕ್ಕೆ ಒಂದೊಂದು ಟ್ಯಾಬ್ ಮಾಡಿದ. ನಾಟಿಪದ ಒಂದರಲ್ಲಿ, ಜೋಗುಳ ಒಂದರಲ್ಲಿ, ಕಲ್ಲುಪದ ಕೊನೆಯದರಲ್ಲಿ. ಜಿ ಟಿ, ಜಿ ಟಿ ಎಂದು ಮನೆಯಿಂದ ಮನೆಗೆ ಹೋದಂತೆ ಓಡಾಡುವುದು ಅವನಿಗೆ ರುಚಿಸಿತ್ತು.

ಪದಗಳನ್ನು ಪುಸ್ತಕ ಮಾಡಲು ಹೊರಟವರು ಅರಸೀಕೆರೆಯ ಸ್ವಾಮಿ ಮೇಷ್ಟ್ರು. ಅಲ್ಲಿನ ಬುದ್ಧವಿಹಾರದ ಕೆಲಸಗಳಿಗೆಲ್ಲ ಹೆಗಲು ಕೊಡುವ ಮನುಷ್ಯ. ಬುದ್ಧಪೂರ್ಣಿಮೆಗೆ ಬಿಡುಗಡೆ ಎಂದು ನಿಗದಿಯಾಗಿತ್ತು. ಒಂದು ದಿನ ಮಧುವಿನ ಕೋಣೆಗೆ ಬಂದು, ಪರದೆಯ ಮೇಲೇ ಕಲ್ಲುಪದ ಓದುತ್ತ ಓದುತ್ತ ಊಟದ ಜಾಗಕ್ಕೆ ಬಂದವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಖ ಕಿವುಚಿತ್ತು.

“ಇದನ್ನ ಓದ್ಕಂಡು ನಮ್ ಹುಡುಗ್ರು ತಲೆ ಎತ್ತೋದು ಹೆಂಗ್ಲಾ? ನಾವು ಇದ್ನೆಲ್ಲ ದಾಟಿ ಬಂದೋ ಅಂತ ತಾನೆ ವಿಹಾರ ಕಟ್ತಿರೋದು. ತೆಗಿ ಅದ. ಹೇಸಿಗೆ.”

ಮಧುಗೆ ಒಳಗೊಳಗೇ ಹಗುರಾಯಿತು. ತಾನು ಆಡಲಾರದ್ದನ್ನು ಹಿರಿಯರೇ ಆಡಿದರು. ಆದರೂ ಅಜ್ಜಿಯ ಮಾತನ್ನು ಪೂರ್ತಿ ಅಳಿಸುವುದಕ್ಕೆ ಮನಸ್ಸು ಬರಲಿಲ್ಲ. ಅದಕ್ಕೊಂದು ದಾರಿ ಹುಡುಕಿದ. ಅಜ್ಜಿ ಹಾಡಿದ್ದು ಮೇಲಿನ ಕಿಟಕಿಯಲ್ಲಿ ಇದ್ದ ಹಾಗೇ ಇರಲಿ, ಅಚ್ಚಿಗೆ ಹೋಗುವುದನ್ನು ಕೆಳಗಿನ ಕಿಟಕಿಯಲ್ಲಿ ತೊಳೆಯೋಣ ಎಂದುಕೊಂಡ. ಕಲ್ಲುಪದದ ಟ್ಯಾಬಿಗೆ ಹೋಗಿ ‘ಸ್ಪ್ಲಿಟ್’ ಎಂದ. ಪರದೆ ಎರಡಾಯಿತು, ಎರಡರಲ್ಲೂ ಪದ ಕಂಡಿತು. ಮೇಲಿನದನ್ನು ಬಂಡೆ ಎಬ್ಬಿಸುವ ಮೊದಲ ಸಾಲಿನ ಮೇಲೇ ಬಿಟ್ಟು, ಕೆಳಗಿನದಕ್ಕೆ ಇಳಿದು, ಊಟದವರೆಗೆ ಸರಿಸಿಕೊಂಡು ಹೋದ. ಆ ಮೂರು ಸಾಲು ಅಳಿಸಿದ. ಹಬೆಯಾಡುವ ಬಚ್ಚಲಿನಿಂದ ಹೊರಬಂದಷ್ಟು ಹಿತವಾಯಿತು. ಆ ಹಿತದಲ್ಲೇ ಹೊಸದು ಹೊಸೆದ:

ಕಲ್ಲೆಳೆದ ಕೈಗೆ ಬಲವಿತ್ತು ನಾಡೊಳಗೆ
ಎಲ್ಲಾರು ಕೂಡಿ ಉಂಡಾರೊ, ದೇವೀರಿ
ಮಲ್ಲಿಗೆಯ ಮುಡಿದು ನಗುತಾಳೊ

ಪ್ರಾಸ ಕೂತಿತ್ತು, ಧಾಟಿ ಕೂತಿತ್ತು. ಎಲ್ಲವನ್ನೂ ಉಳಿಸಿ ಮುಚ್ಚುವ ಅಪ್ಪಣೆ ಕೊಟ್ಟು ಎದ್ದ.

ಮುಂದಿನ ವಾರ ಒಪ್ಪಿಸಲು ಹೋಗುವ ಮುನ್ನ ಅಜ್ಜಿಯ ಪಾಠವನ್ನು ಒಮ್ಮೆ ನೋಡಿಕೊಳ್ಳೋಣವೆಂದು ಮೆಷಿನ್ ಹಚ್ಚಿದ. ಮೊದಲ ಟ್ಯಾಬಿನಲ್ಲಿ ನಾಟಿಪದ ಇತ್ತು, ಎರಡನೆಯದರಲ್ಲಿ ಜೋಗುಳ ಇತ್ತು. ಕೊನೆಯದರಲ್ಲಿ ಮಲ್ಲಿಗೆ ಮುಡಿದ ದೇವೀರಮ್ಮ ನಗುತ್ತಿದ್ದಳು. ಮತ್ತೆ ಸೀಳಿ ನೋಡಿದ. ಮೇಲೂ ಮಲ್ಲಿಗೆ, ಕೆಳಗೂ ಮಲ್ಲಿಗೆ. ಮೀನಾಕ್ಷಿಗೆ ಫೋನು ಮಾಡಿದ. ಅವಳು ಎಲ್ಲ ಕೇಳಿಸಿಕೊಂಡಳು.

“ಒಂದು ಮನೆಗೆ ಎರಡು ಕಿಟಕಿ ಇಟ್ರೆ ಮನೆ ಎರಡಾಗುತ್ತೇನೋ ಮಧು? ಎರಡರಲ್ಲೂ ಕಾಣೋದು ಅದೇ ನಡುಮನೆ ಕಣೋ. ಬೇರೆ ಹೆಸರು ಕೊಟ್ಟು ಇನ್ನೊಂದು ಪ್ರತಿ ಮಾಡ್ಕೋಬೇಕಿತ್ತು.”

ಮುಚ್ಚದೇ ಇದ್ದಿದ್ದರೆ ಒಂದು ಕೀಲಿ ಒತ್ತಿ ಹಿಂದಕ್ಕೆ ತರಬಹುದಿತ್ತು, ಈಗ ಕೈ ಮೀರಿತು ಎಂದೂ ಹೇಳಿದಳು. ಅವಳಿಗೆ ನಗು ಬಂದಿತ್ತು, ತಡೆದುಕೊಂಡಳು.

ಸ್ವಾಮಿ ಮೇಷ್ಟ್ರಿಗೆ ತಿಳಿಸಿದರೆ ಅವರು, ಒಳ್ಳೇದೇ ಆಯ್ತು ಬಿಡ್ಲಾ, ತಾನಾಗೇ ತೊಳ್ಕಂಡು ಹೋಯ್ತು ಎಂದರು. ಮಧುಗೂ ಮೊದಲು ಅನ್ನಿಸಿದ್ದು ಅದೇ. ಕೊಳೆತ ಕುಂಬಳಕಾಯಿಯನ್ನು ಯಾರೋ ತನಗೆ ಗೊತ್ತಿಲ್ಲದೆ ತಿಪ್ಪೆಗೆ ಹಾಕಿ ಬಂದಂತೆ ನೆಮ್ಮದಿ. ಆ ನೆಮ್ಮದಿಯ ಬೆನ್ನಿಗೇ ತನ್ನ ಮೇಲೆ ಹೇಸಿಗೆ ಬಂತು. ಮತ್ತೆ ಟೈಪು ಮಾಡಿದರಾಯಿತು ಎಂದು ಕೂತ. ‘ಕಲ್ಲೆಳೆದ’ ಎಂದು ಹೊಡೆದ, ಬೆರಳು ನಿಂತಿತು. ಮರೆತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಮರೆತಿರಲಿಲ್ಲ. ಹೊಡೆದ ಅಷ್ಟನ್ನೂ ಅಳಿಸಿ, ಮಲ್ಲಿಗೆಯ ಪಾಠವನ್ನೇ ಕಾಗದಕ್ಕೆ ಅಚ್ಚು ಹಾಕಿಸಿಕೊಂಡು ಹಳೇಬೀಡಿನ ಬಸ್ಸು ಹತ್ತಿದ. ಅಜ್ಜಿಗೆ ಕಿವಿ ಮಂದ, ವಯಸ್ಸಾಗಿದೆ, ಮೂರು ಸಾಲು ಯಾವ ಲೆಕ್ಕ ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳಿಕೊಂಡ.

ಹಳೇಬೀಡಿನಿಂದ ಆಟೋದಲ್ಲಿ ಸ್ವಲ್ಪ ದೂರ ಹೋದರೆ ಅವರ ಊರು. ಅಜ್ಜಿ ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ಮೈ ಈ ವರ್ಷ ಇನ್ನೂ ಇಳಿದುಹೋಗಿತ್ತು, ಕುಪ್ಪಸದ ತೋಳಿನಲ್ಲಿ ಕೈ ಕಡ್ಡಿಯ ಹಾಗೆ ಆಡುತ್ತಿತ್ತು. ಲತಾಮಣಿ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಊಟದ ಜಾಗ ಬರೋಕೆ ಮೊದಲೇ ಹೇಳಿಬಿಡು ಮಗ, ಬಾಗಿಲು ಎಳ್ಕೋತೀನಿ ಎಂದು ಅಲ್ಲಿಂದಲೇ ಕೂಗಿ ಹೇಳಿದಳು. ಮಧು ಈ ಸಲ ಬಾಗಿಲು ಎಳೆದುಕೊಳ್ಳುವ ಕೆಲಸವಿಲ್ಲ ಚಿಕ್ಕಮ್ಮ ಎಂದ.

ಹಾಡಲು ಶುರು ಮಾಡಿದ. ಅಜ್ಜಿ ಕಣ್ಣು ಮುಚ್ಚಿ ಮಂಡಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಪದದ ಪ್ರತಿ ನುಡಿಗೂ ಹ್ಞೂ ಎನ್ನುತ್ತಿದ್ದಳು, ಆ ಹ್ಞೂ ಬಿದ್ದ ಮೇಲೆ ಮುಂದಿನದು. ಬಂಡೆ ಎದ್ದಿತು. ಹಗ್ಗ ಹರಿಯಿತು. ಕಲ್ಲು ಏರಿ ಮೇಲೆ ಕೂತಿತು, ಹರಕೆ ಹೊತ್ತ ಮೇಲೆ ಎದ್ದಿತು. ಗುಡಿ ಮುಗಿಯಿತು. ಮಧು ಕಾಗದ ನೋಡಿಕೊಂಡು, ದನಿ ಏರಿಸದೆ ಇಳಿಸದೆ, ಕೂಡಿ ಉಂಡದ್ದನ್ನೂ ಮಲ್ಲಿಗೆ ಮುಡಿದದ್ದನ್ನೂ ಹಾಡಿ ಆ ನುಡಿ ಮುಗಿಸಿದ.

ಬೆರಳು ನಿಂತಿತ್ತು. ಹ್ಞೂ ಬರಲಿಲ್ಲ. ಒಳಗೆ ಅಡುಗೆಯ ಸದ್ದೂ ನಿಂತಿತ್ತು. ಅಜ್ಜಿ ಕಣ್ಣು ತೆರೆದು, ಅವನನ್ನಲ್ಲ, ಅವನ ಕೈಯ ಕಾಗದವನ್ನು ನೋಡಿದಳು, ಹಲ್ಲಿ ಬಿದ್ದ ಪಾತ್ರೆಯನ್ನು ನೋಡುವ ಹಾಗೆ.

“ಎಲ್ಲಾರು ಕೂಡಿ ಉಂಡ್ರಾ?” ಎಂದಳು. “ಯಾವತ್ಲಾ ಉಂಡ್ರು?”

ಮಧು, ಅದು ನೋಡೋಕೆ ಚೆನ್ನಾಗಿರಲ್ಲ ಅಜ್ಜಿ, ಪುಸ್ತಕ ಆಗ್ತದೆ, ನಾಲ್ಕು ಜನ ಓದ್ತಾರೆ, ನಮಗೇ ಹೇಸಿಗೆ ಎಂದು ತಡವರಿಸಿದ.

“ನಂಗೂ ಹೇಸ್ಗೆನೇ ಕಣ್ಲಾ. ನಮ್ಮವ್ವ ಇಳಿಸ್ದಾಗ ಬಚ್ಲಿಗೋಗಿ ವಾಂತಿ ಮಾಡ್ಕಂಡಿದ್ದೆ.” ಅಜ್ಜಿ ತಿರುಗಿ ಜಗುಲಿಯಾಚೆ ಉಗಿದಳು. “ದೇವೀರಿಗೆ ಹೂ ಮುಡ್ಸೋಕೋಗಿ ಆ ಎಲೆ ಬಿಸಾಕ್ದೋರ ಕೈ ತೊಳೆದ್ಬುಟ್ಟಲ್ಲೋ. ಅವ್ರು ಪುಣ್ಯವಂತ್ರಾದ್ರು. ಅವ್ಳು ಉಣ್ಸಿದ್ದು ಸುಳ್ಳಾಯ್ತು.”

ಅಷ್ಟು ಹೇಳಿ ಬಾಯಿ ಮುಚ್ಚಿದಳು. ಕಟ್ಟಳೆ ಕಟ್ಟಳೆಯೇ, ಆ ಮೂರು ಸಾಲು ಅವಳ ಬಾಯಿಂದ ಇನ್ನು ಬರುವುದಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಾದಳು. ಪದ ಅಲ್ಲಿಯೇ, ಅವರಿಬ್ಬರ ನಡುವೆ, ಏರಿ ಮೇಲೆ ಕೂತ ಕಲ್ಲಿನ ಹಾಗೆ ನಿಂತಿತು. ಇವನು ಎಬ್ಬಿಸಿದರೆ ಉಂಟು, ಇಲ್ಲವಾದರೆ ಅವಳ ಜೊತೆಗೇ ಮಣ್ಣು ಸೇರುತ್ತದೆ.

ಮಧು ಕಾಗದವನ್ನು ಮಡಿಸಿ ಕೆಳಗಿಟ್ಟ. ತಾನು ಹೊಸೆದ ಸಾಲನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡ. ಎಲ್ಲಾರು ಕೂಡಿ ಉಂಡಾರೊ. ಹಳಸಿದ ಅನ್ನಕ್ಕೆ ತುಪ್ಪ ಸುರಿದಂತಿತ್ತು. ಗಂಟಲು ಸರಿಮಾಡಿಕೊಂಡು, ಅಜ್ಜಿ ತಗ್ಗಿಸುತ್ತಿದ್ದಲ್ಲೇ ದನಿ ತಗ್ಗಿಸಿ, ಕಲ್ಲೆಳೆದ ಕೈಗೆ ಕೂಳಿಲ್ಲ ಎಂದ. ಎರಡನೆಯ ಸಾಲು ತಾನಾಗಿ ಬಂತು. ಮೂರನೆಯದರ ಮೊದಲ ಮಾತು ಹಲ್ಲಿನ ಹಿಂದೆ ಅಂಟಿಕೊಂಡು ಕೂತಿತು, ಬಲವಂತವಾಗಿ ನೂಕಿದ. ಆಡಿದೊಡನೆ ಇಷ್ಟು ವರ್ಷ ಕಾಣದೇ ಹೋದದ್ದು ಕಂಡಿತು: ಆ ಜೊಲ್ಲು ದೇವೀರಮ್ಮನದಲ್ಲ, ಮಗುವಿನದೂ ಅಲ್ಲ. ಗೋಡೆಯಾಚೆ ಹೊಟ್ಟೆ ಬಿರಿಯ ಉಂಡು, ತೇಗಿ, ಎಲೆಯನ್ನು ಎತ್ತಿ ಎಸೆದ ಯಾರದೋ ತುಟಿ. ಆ ತೇವದ ತುಟಿಯ ಮೇಲೆ ಅವನಿಗೆ ಬಂದ ಹೇಸಿಗೆ ಮೊದಲಿನದಕ್ಕಿಂತ ದೊಡ್ಡದಾಗಿತ್ತು. ಕಣ್ಣಲ್ಲಿ ನೀರು ಬಂತು. ನಿಲ್ಲಿಸಲಿಲ್ಲ, ಮಗನಿಗೆ ಉಣಿಸುವವರೆಗೂ ಹಾಡಿದ.

ಅಡುಗೆಮನೆಯ ಬಾಗಿಲು ಮುಚ್ಚಿದ ಸದ್ದು ಕೇಳಲಿಲ್ಲ. ಲತಾಮಣಿ ಸೌಟು ಹಿಡಿದುಕೊಂಡೇ ಹೊಸ್ತಿಲಲ್ಲಿ ಬಂದು ನಿಂತಿದ್ದಳು. ಅವಳ ಮುಖ ಕಿವುಚಿತ್ತು, ಆದರೆ ಅಲ್ಲೇ ನಿಂತಿದ್ದಳು.

“ಹ್ಞೂ,” ಎಂದಳು ಅಜ್ಜಿ. “ಮುಂದಕ್ಕೆ.”

ಇನ್ನು ಸ್ವಾಮಿ ಮೇಷ್ಟ್ರ ಪುಸ್ತಕದಲ್ಲಿ ಕಲ್ಲುಪದಕ್ಕೆ ಜಾಗವಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನಾಟಿಪದ ಇರಲಿ, ಜೋಗುಳ ಇರಲಿ, ಇದು ಬಾಯಲ್ಲೇ ಇರಲಿ ಎಂದುಕೊಂಡ. ಊಟ ಮುಗಿದು ಊರು ಖಾಲಿಯಾದ ಮೇಲೆ ದೇವೀರಮ್ಮ ಮಗನನ್ನು ಸೊಂಟಕ್ಕೇರಿಸಿಕೊಂಡು ಗುಡಿಯ ಗೋಡೆಗೆ ಒಂದು ಸುತ್ತು ಬರುವ ನುಡಿ ಮುಂದಿನದು. ಅದನ್ನು ಎತ್ತಿಕೊಂಡ. ಮಂಡಿಯ ಮೇಲೆ ಬೆರಳು ಮತ್ತೆ ಆಡತೊಡಗಿತು.