ಹುಲ್ಲಿನಡಿಯ ಮುಡಿಪು

ನನ್ನ ಗಂಡ ನಿಯಾಝ್ ಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳವನ್ನೂ ಮುಚ್ಚುವವರಲ್ಲ. ಉಪ್ಪಿನಕಾಯಿ, ಟೂತ್‌ಪೇಸ್ಟ್, ಶಾಂಪೂ, ಎಲ್ಲವೂ ಬಾಯಿ ತೆರೆದುಕೊಂಡೇ ಇರುತ್ತವೆ. ಆದರೆ ನೆಲದಲ್ಲಿ ಹೊಂಡ ತೋಡಿದರೆ ಮಾತ್ರ ಎಷ್ಟು ಚೆನ್ನಾಗಿ ಮುಚ್ಚುತ್ತಾರೆಂದರೆ, ಆಮೇಲೆ ಎಲ್ಲಿ ತೋಡಿದ್ದೆಂದು ಅವರಿಗೇ ಗೊತ್ತಾಗುವುದಿಲ್ಲ. ಇದು ಮೆಟಲ್ ಡಿಟೆಕ್ಟರ್ ತಂದ ಮೇಲೆ ಬಂದ ಶಿಸ್ತು.

ಆ ಯಂತ್ರ ದುಬೈಯ ಅಲ್ ಮುರಕ್ಕಬಾತ್‌ನ ನಮ್ಮ ಫ್ಲ್ಯಾಟಿನಲ್ಲಿ ಇಸ್ತ್ರಿ ಮೇಜಿನ ಹಿಂದೆ ನಿಂತಿರುತ್ತದೆ. ಅನುಮತಿ ಕೇಳದೆ ಬೀಚಿಗೆ ಒಯ್ದರೆ ತೊಂದರೆಯೆಂದು ಯಾರೋ ಹೇಳಿದ್ದರಿಂದ ಗೆಳೆಯರ ಅಂಗಳಗಳಲ್ಲಷ್ಟೇ ಓಡಾಡಿಸುತ್ತಾರೆ. ಈವರೆಗೆ ಸಿಕ್ಕ ನಿಧಿಯೆಂದರೆ ಸೋಡಾ ಮುಚ್ಚಳಗಳು, ಕಬಾಬಿನ ಕಂಬಿ ಮತ್ತು ಯಾರದೋ ಸೂಟ್‌ಕೇಸಿನ ಬೀಗದ ಕೈ. ನಾನು ಏನೂ ಹೇಳುವುದಿಲ್ಲ. ಹೇಳಬೇಕಾದುದನ್ನು ಮುಖದಲ್ಲಿ ತೋರಿಸುತ್ತೇನೆ, ಅವರು ಮುಖ ನೋಡುವುದಿಲ್ಲ.

ಆ ಚಳಿಗಾಲ ನಿಯಾಝ್‌ರ ಉಮ್ಮ, ಅಂದರೆ ನನ್ನ ಅತ್ತೆ ಆಸ್ಯಮ್ಮ ಮಾಮಿ, ಉಪ್ಪಿನಂಗಡಿಯಿಂದ ವಿಸಿಟ್ ವೀಸಾದಲ್ಲಿ ಬಂದರು. ಬಂದದ್ದು ನಮ್ಮನ್ನು ನೋಡಲಿಕ್ಕಲ್ಲ, ಒಂದು ರೂಪಾಯಿಯ ಕೆಲಸಕ್ಕೆ. ಹಿಂದಿನ ವರ್ಷ ನಮ್ಮ ಮಗಳು ಮಿನ್ಹಾ ನ್ಯುಮೋನಿಯಾ ಆಗಿ ಐಸಿಯುನಲ್ಲಿ ಮಲಗಿದ್ದಾಗ ಮಾಮಿ ಊರಿನಿಂದಲೇ ಉಳ್ಳಾಲ ದರ್ಗಾಕ್ಕೆ ಹರಕೆ ಹೇಳಿ ಒಂದು ರೂಪಾಯಿಯನ್ನು ಬಟ್ಟೆಯಲ್ಲಿ ಮುಡಿಪು ಕಟ್ಟಿದ್ದರು. ಮಗು ಉಳಿಯಿತು. ಮಾಮಿಯ ಲೆಕ್ಕದಲ್ಲಿ ಆ ನಾಣ್ಯವನ್ನು ಮಗುವಿನ ತಲೆಗೆ ನಿವಾಳಿಸಿ ದರ್ಗಾದ ಡಬ್ಬಿಗೆ ಹಾಕುವವರೆಗೆ ಹರಕೆ ತೀರಿದಂತಲ್ಲ. ನಮಗೆ ಊರಿಗೆ ಹೋಗಲು ರಜೆ ಸಿಗಲಿಲ್ಲ. ಹಾಗಾಗಿ ರೂಪಾಯಿಯೇ ವಿಮಾನ ಹತ್ತಿತು.

ಮಾಮಿಗೂ ನನಗೂ ಜಗಳವಿಲ್ಲ. ಆದರೆ ಮಗು ಆಸ್ಪತ್ರೆಯಲ್ಲಿದ್ದಾಗ ಅವರು ದಿನಾ ಫೋನ್ ಮಾಡಿ ಮಗುವನ್ನು ಕೇಳಿದರು, ಮಗನನ್ನು ಕೇಳಿದರು. ಐಸಿಯು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನನ್ನನ್ನು ಕೇಳಲಿಲ್ಲ. ಅದರಿಂದ ನನಗೆ ನೋವಾಯಿತು. ಹೊಟ್ಟೆಯಲ್ಲಿಟ್ಟುಕೊಂಡು ಅವರಿಗೆ ಹೊತ್ತು ಹೊತ್ತಿಗೆ ಗಂಜಿ ಬಡಿಸಿದೆ.

ಮಿನ್ಹಾ ಒಂದು ಕಡೆ ಕೂರುವ ಮಗುವಲ್ಲ. ಕೊನೆಗೆ ಒಂದು ಶನಿವಾರ ಸಂಜೆ, ದುಬೈ ಸಿಲಿಕಾನ್ ಓಯಸಿಸ್‌ನಲ್ಲಿರುವ ಗೆಳೆಯ ಲಾಯ್ಡ್‌ನ ವಿಲ್ಲಾಕ್ಕೆ ಊಟಕ್ಕೆ ಹೋಗಿದ್ದಾಗ, ಅವಳು ಹುಲ್ಲಿನ ಮೇಲೆ ಕೂತು ಕೋಳಿ ತಿನ್ನುತ್ತಿರುವುದನ್ನು ಕಂಡು ಮಾಮಿ ಮುಡಿಪು ಬಿಚ್ಚಿದರು. ನಿವಾಳಿಸಲು ಶುರು ಮಾಡಿದ್ದಷ್ಟೇ.

"ಉಮ್ಮಾಮ, ಸ್ಟಾಪ್ ಇಟ್!" ಎಂದು ಮಿನ್ಹಾ ತಲೆ ಕೊಡವಿದಳು. ಮಾಮಿಯ ಕೈಯಿಂದ ರೂಪಾಯಿ ಹಾರಿ ಹುಲ್ಲಿನಲ್ಲಿ ಮಾಯವಾಯಿತು.

ಬೇರೆ ಯಾರ ಹುಲ್ಲಾದರೂ ಆಗಿದ್ದರೆ ಬಗೆದು ಹುಡುಕಬಹುದಿತ್ತು. ಲಾಯ್ಡ್ ನಿಯಾಝ್‌ರ ಆಫೀಸಿನವನು, ಊರು ಕಿನ್ನಿಗೋಳಿ. ಮರಳುಗಾಡಿನಲ್ಲಿ ಹುಲ್ಲು ಬೆಳೆಸಿದ್ದೇನೆಂಬ ಹೆಮ್ಮೆಯಿಂದ ಅವನ ಬೆನ್ನು ನೆಟ್ಟಗಾಗಿದೆ. ಆ ಹುಲ್ಲಿನ ಮೇಲೆ ಚಪ್ಪಲಿ ಇಡುವಂತಿಲ್ಲ. ಅವನ ಹೆಂಡತಿ ಟೀನಾ ಬಟ್ಟೆ ಒಣಗಿಸಲು ಸುತ್ತು ಹಾಕಿಕೊಂಡು ಹೋಗುತ್ತಾಳೆ. ನಾವೆಲ್ಲ ಮೊಣಕಾಲೂರಿ ಕೈಯಾಡಿಸಿದೆವು, ಸಿಗಲಿಲ್ಲ. ಸಾಲದ್ದಕ್ಕೆ ವಾರದ ನಡುವೆ ಲಾಯ್ಡ್, ಇದೇ ಸೀಸನ್ ಎಂದು, ಇಡೀ ಹುಲ್ಲಿಗೆ ಮರಳು, ಗೊಬ್ಬರ ಹರಡಿ ಬುಡಕ್ಕೆ ಇಳಿಯುವಂತೆ ಗುಡಿಸಿಬಿಟ್ಟ. ರೂಪಾಯಿ ಈಗ ಮಣ್ಣಿನಡಿಗೆ ಹೋಯಿತು. ಮಾಮಿಯ ವಿಮಾನ ಭಾನುವಾರಕ್ಕಿತ್ತು.

"ಉಮ್ಮಾ, ಬೇರೆ ಒಂದು ರೂಪಾಯಿ ಹಾಕುವ" ಎಂದರು ನಿಯಾಝ್.

"ಹುಷಾರಿಲ್ಲದ್ದು ಮಿನ್ಹಾಳಿಗೆ. ಪಕ್ಕದ ಮನೆ ಮಗುವಿಗೆ ಮದ್ದು ಕುಡಿಸಿದ್ರೆ ಆಗ್ತದಾ?" ಎಂದರು ಮಾಮಿ. ಆಮೇಲೆ ಅವರು ಊಟ ಕಡಿಮೆ ಮಾಡಿದರು. ಮಗು ಒಮ್ಮೆ ಕೆಮ್ಮಿದರೆ ಎದ್ದು ಕೂರುತ್ತಿದ್ದರು. ನಿಜ ಹೇಳಬೇಕೆಂದರೆ, ಆ ಕೆಮ್ಮಿಗೆ ನಾನೂ ಎದ್ದು ಕೂರುತ್ತಿದ್ದೆ. ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ, ಆದರೆ ಭಯ ಇದೆ.

ಶನಿವಾರ ಯಂತ್ರ ಹಿಡಿದು ಲಾಯ್ಡ್‌ನ ಮನೆಗೆ ಹೋದೆವು. ಹೊರಡುವ ಮೊದಲು ನಾನು ಫ್ರಿಜ್ಜಿನ ಬಾಗಿಲಲ್ಲಿ ಮಿನ್ಹಾ ಮ್ಯಾಗ್ನೆಟ್ಟಿಗೆ ಅಂಟಿಸಿಟ್ಟಿದ್ದ ಒಂದು ರೂಪಾಯಿಯನ್ನು ಕಿತ್ತು ಪರ್ಸಿಗೆ ಹಾಕಿಕೊಂಡೆ. ತಲುಪಿದ ಕೂಡಲೇ, ಯಾರೂ ನೋಡದಾಗ, ನಲ್ಲಿಯ ಹತ್ತಿರ ಹುಲ್ಲಿನ ಬುಡಕ್ಕೆ ಹೆಬ್ಬೆರಳಿನಿಂದ ಅದನ್ನು ಒತ್ತಿಬಿಟ್ಟೆ. ಮುದುಕಿ ನೆಮ್ಮದಿಯಿಂದ ವಿಮಾನ ಹತ್ತಲಿ ಎಂದು.

ಲಾಯ್ಡ್ ಗೇಟಿನಲ್ಲೇ ಷರತ್ತು ಹೇಳಿದ. "ಗುದ್ದಲಿ ತಂದಿದ್ರೆ ಕಾರಲ್ಲೇ ಇರ್ಲಿ ಮಾರಾಯ."

"ಗುದ್ದಲಿ ಎಂತಕ್ಕೆ? ನೀನು ನೋಡು" ಎಂದು ನಿಯಾಝ್ ಒಂದು ಚಾಕು, ಒಂದು ಸ್ಕ್ರೂಡ್ರೈವರ್, ಒಂದು ಟವೆಲ್ ಮತ್ತು ನೀರಿನ ಬಾಟಲಿ ಸಾಲಾಗಿ ಇಟ್ಟರು. "ಇಲ್ಲಿ ಕೆಳಗೆಲ್ಲ ಬಿಲ್ಡಿಂಗ್ ಕಟ್ಟುವಾಗ ಬಿದ್ದ ಮೊಳೆಗಳು ಇರ್ತವೆ. ಕಬ್ಬಿಣ ಬಂದ್ರೆ ಸುಮ್ಮನಿರುವ ಹಾಗೆ ಸೆಟ್ಟಿಂಗ್ ಮಾಡಿದ್ದೇನೆ. ಬರೀ ನಾಣ್ಯಕ್ಕೆ ಕೂಗ್ತದೆ. ನಿನ್ನ ಹುಲ್ಲಿಗೆ ನೋವೇ ಇಲ್ಲ." ಈ ವಿದ್ಯೆಯನ್ನು ಅವರು ಯಾರೋ ಬಿಳಿಯರ ವಿಡಿಯೋ ನೋಡಿ ಕಲಿತಿದ್ದರು.

ಯಂತ್ರ ಸ್ವಲ್ಪ ಹೊತ್ತಿನಲ್ಲೇ ಕೂಗಿತು. ನಿಯಾಝ್ ಮೊಣಕಾಲೂರಿ, ಚಾಕುವಿನಿಂದ ಹುಲ್ಲನ್ನು ಮೂರು ಬದಿ ಕತ್ತರಿಸಿ, ನಾಲ್ಕನೆಯ ಬದಿಯನ್ನು ಬೇರು ಸಮೇತ ಹಾಗೇ ಬಿಟ್ಟು, ದೋಸೆಯಂತೆ ಮಗುಚಿದರು. ಮಣ್ಣನ್ನು ಚೆಲ್ಲದೆ ಟವೆಲ್ ಮೇಲೆ ಹಾಕಿದರು. ನಾಣ್ಯ ಸಿಕ್ಕಿತು. ಮಣ್ಣನ್ನು ಹಿಂದಕ್ಕೆ ಸುರಿದು, ಹುಲ್ಲು ಮಡಚಿ, ಅಂಗೈಯಿಂದ ಒತ್ತಿ, ನೀರು ಹನಿಸಿದರು. ಲಾಯ್ಡ್ ಬಗ್ಗಿ ನೋಡಿದ, ಗೀರು ಕೂಡ ಕಾಣಲಿಲ್ಲ. ನನಗೆ ಉಪ್ಪಿನಕಾಯಿ ಭರಣಿ ನೆನಪಾಗಿ ಸಿಟ್ಟು ಬಂತು.

ಮಾಮಿ ನಾಣ್ಯವನ್ನು ತಿರುಗಿಸಿ ನೋಡಿದರು. "ಇದಲ್ಲ. ಇದು ಹಳೇ ಕಾಲದ ದೊಡ್ಡ ರೂಪಾಯಿ."

ಲಾಯ್ಡ್ ಆಕಾಶ ನೋಡಿದ. ಅದು ಅವನ ಅಪ್ಪನ ಪೆಟ್ಟಿಗೆಯದ್ದೆಂದು ಟೀನಾ ನನ್ನ ಕಿವಿಯಲ್ಲಿ ಹೇಳಿದಳು. ಹುಲ್ಲು ಉಳಿಯಲೆಂದು ಅವನೇ ಬೆಳಿಗ್ಗೆ ಹೂತಿದ್ದನಂತೆ.

ಯಂತ್ರ ಮತ್ತೆ ಕೂಗಿತು. ಈ ಸಲ ಹಳೆಯದೊಂದು ದಿರ್ಹಮ್ ಎದ್ದಿತು.

"ಉಪ್ಪಿನಂಗಡಿಯಲ್ಲಿ ನನಗೆ ದಿರ್ಹಮ್ ಯಾರು ಕೊಡ್ತಾರೆ?" ಎಂದರು ಮಾಮಿ.

ಈಗ ಟೀನಾ ಆಕಾಶ ನೋಡಿದಳು. ಅವಳ ಹತ್ತಿರ ಊರಿನ ಚಿಲ್ಲರೆ ಇರಲಿಲ್ಲವಂತೆ.

"ನನ್ನದಕ್ಕೆ ಕೆಂಪು ಬೊಟ್ಟು ಉಂಟು" ಎಂದರು ಮಾಮಿ, ಸಹಜವಾಗಿ. "ಬೇರೆ ಚಿಲ್ಲರೆಯಲ್ಲಿ ಬೆರೀಬಾರ್ದು ಅಂತ ಪಕ್ಕದ ಮನೆಯ ಸುಮೀನಾ ನೈಲ್ ಪಾಲಿಶ್ ಹಚ್ಚಿ ಕೊಟ್ಟದ್ದು."

ವಾರವಿಡೀ ಈ ಮಾತು ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಅದೂ ನಿಜ.

ನನ್ನ ರೂಪಾಯಿಗೆ ಬೊಟ್ಟು ಇರಲಿಲ್ಲ. ನಿಯಾಝ್ ನಲ್ಲಿಯ ಕಡೆಗೇ ಬರುತ್ತಿದ್ದರು. ಯಂತ್ರ ಅದರ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ಸದ್ದಿಲ್ಲ. ಮೊದಲು ನನಗೆ ಬದುಕಿದೆಯಾ ಬಡಜೀವವೇ ಎನಿಸಿತು. ಆಮೇಲೆ ತಲೆಗೆ ಹೊಳೆಯಿತು. ಫ್ರಿಜ್ಜಿನ ಮ್ಯಾಗ್ನೆಟ್ಟಿಗೆ ಅಂಟಿದ್ದ ರೂಪಾಯಿ ಅದು, ಅಂದರೆ ಕಬ್ಬಿಣದ್ದು. ಯಂತ್ರದ ಕಿವಿಗೆ ಅದೂ ಒಂದು ಮೊಳೆ. ಮಾಮಿಯ ರೂಪಾಯಿಯೂ ಇದೇ ಜಾತಿಯದ್ದು.

ಇಡೀ ಹುಲ್ಲು ಮುಗಿಸಿ ನಿಯಾಝ್ ಯಂತ್ರ ಕೆಳಗಿಟ್ಟರು. "ಖಲಾಸ್, ಉಮ್ಮಾ. ಇಲ್ಲಿ ಇಲ್ಲ."

ಮಾಮಿ ಖಾಲಿ ಮುಡಿಪಿನ ಬಟ್ಟೆಯನ್ನು ಮಡಚುತ್ತಾ ಕೂತರು, ಬಿಚ್ಚಿ ಮತ್ತೆ ಮಡಚಿದರು. ನೋಡಲಾಗಲಿಲ್ಲ ನನಗೆ.

"ಹೋಯ್, ನಲ್ಲಿ ಹತ್ರ ಒಂದು ರೂಪಾಯಿ ಉಂಟು" ಎಂದೆ. "ನಿಮ್ಮ ಮಿಷನ್ನಿಗೆ ಕೇಳಿಸ್ಲಿಲ್ಲ."

"ನಿಂಗೆ ಹೇಗೆ ಗೊತ್ತು?" ಎಂದರು ನಿಯಾಝ್.

"ನಾನೇ ಇಟ್ಟದ್ದು."

ಎಲ್ಲರೂ ನನ್ನನ್ನು ನೋಡಿದರು. ಟೀನಾ ಮತ್ತು ಲಾಯ್ಡ್ ಕೂಡ, ತಾವೇನೂ ಹೂತೇ ಇಲ್ಲವೆಂಬಂತೆ. ಮಾಮಿಯ ಮುಖದಲ್ಲಿ ಏನಿತ್ತೆಂದು ನೋಡುವ ಧೈರ್ಯ ನನಗಾಗಲಿಲ್ಲ.

ನಿಯಾಝ್ ಸ್ಕ್ರೂಡ್ರೈವರ್ ತುದಿಯಿಂದ ನನ್ನ ರೂಪಾಯಿಯನ್ನು ಎಬ್ಬಿಸಿ, ಯಂತ್ರದ ಮುಂದೆ ಹಿಡಿದರು. ಮೌನ. ಸೆಟ್ಟಿಂಗ್ ತೆಗೆದು ಹಿಡಿದರು. ಕೂಗಿತು. ಅವರ ಮುಖ ಸಣ್ಣದಾಯಿತು. "ಆ ವಿಡಿಯೋದವನು ನಮ್ಮ ರೂಪಾಯಿ ನೋಡ್ಲಿಲ್ಲ" ಎಂದರು.

ಸೆಟ್ಟಿಂಗ್ ತೆಗೆದ ಮೇಲೆ ಲಾಯ್ಡ್‌ನ ಹುಲ್ಲು ಎಲ್ಲಿ ಮುಟ್ಟಿದರೂ ಕೂಗತೊಡಗಿತು. ಅಂದರೆ ಪ್ರತಿ ಮೊಳೆಯನ್ನೂ ತೆಗೆಯಬೇಕು. ಲಾಯ್ಡ್ ಮಾಮಿಯನ್ನು ನೋಡಿದ, ಹುಲ್ಲನ್ನು ನೋಡಿದ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತ. "ನೀನು ತೆಗಿ ಮಾರಾಯ. ನಾನು ನೋಡೂದಿಲ್ಲ."

ಮೊಳೆಗಳು ಬಂದವು, ಕಟ್ಟುವ ತಂತಿ ಬಂತು, ಕಳೆದುಹೋದಾಗ ಟೀನಾ ಕೆಲಸದವಳ ಮೇಲೆ ಅನುಮಾನಪಟ್ಟಿದ್ದ ಚಮಚ ಬಂತು. ಪ್ರತಿ ಸಲವೂ ಮಗುಚುವುದು, ಟವೆಲ್, ಮಣ್ಣು, ಮಡಚುವುದು, ನೀರು. ನಿಯಾಝ್‌ರ ಬೆನ್ನು ಹಿಡಿದುಕೊಂಡಿತು, ಆದರೆ ಒಂದನ್ನೂ ಅವಸರದಲ್ಲಿ ಮುಚ್ಚಲಿಲ್ಲ. ಮೊದಲ ಬಾರಿಗೆ ನನಗೆ ಆ ಹುಚ್ಚಿನ ಮೇಲೆ ಮರ್ಯಾದೆ ಬಂತು. ಸೂರ್ಯ ವಿಲ್ಲಾಗಳ ಹಿಂದೆ ಇಳಿಯುವಾಗ, ನಾವು ಮೊದಲ ದಿನ ಕೈಯಾಡಿಸಿದ್ದ ಜಾಗದಿಂದ ಎಷ್ಟೋ ದೂರದಲ್ಲಿ, ಬೇರಿನ ನಡುವೆ ಓರೆಯಾಗಿ ಸಿಕ್ಕಿಕೊಂಡಿದ್ದ ರೂಪಾಯಿ ಕೈಗೆ ಬಂತು. ನಿಯಾಝ್ ಹೆಬ್ಬೆರಳಿನಿಂದ ಮಣ್ಣು ಒರೆಸಿದರು. ಕೆಂಪು ಬೊಟ್ಟು.

"ಅಲ್‌ಹಮ್ದುಲಿಲ್ಲಾ" ಎಂದು ಮಾಮಿ ಅದನ್ನು ಕಣ್ಣಿಗೊತ್ತಿಕೊಂಡರು. ಈ ಸಲ ಮಿನ್ಹಾ ಗಟ್ಟಿಯಾಗಿ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೂತಳು. ನಿವಾಳಿಸಿ ಆಯಿತು. ರೂಪಾಯಿ ಬಟ್ಟೆ ಸೇರಿತು. ಲಾಯ್ಡ್ ಕುರ್ಚಿ ತಿರುಗಿಸಿ, ಎಷ್ಟು ಹೊತ್ತಾದರೂ ಹಾನಿ ಹುಡುಕುತ್ತಲೇ ಇದ್ದ, ಸಿಗಲಿಲ್ಲ.

ನಾನು ಚಪ್ಪಲಿ ಹುಡುಕುತ್ತಿದ್ದೆ. ಮಾಮಿ ಕರೆದರು.

"ಶಾಹಿನಾ, ನಿಂದು ಕೊಡು."

ಬೈಗುಳ ಬರುತ್ತದೆಂದುಕೊಂಡೇ, ನಿಯಾಝ್ ನನಗೆ ಮರಳಿಸಿದ್ದ ರೂಪಾಯಿಯನ್ನು ಕೊಟ್ಟೆ.

"ಕೂತ್ಕೋ" ಎಂದರು. ಹುಲ್ಲಿನ ಮೇಲೆ ಕೂತೆ. "ಮಗು ಆಸ್ಪತ್ರೆಯಲ್ಲಿದ್ದಾಗ ಅದರದ್ದೇ ನೆನಪು ನನಗೆ. ನೀನೂ ಅಲ್ಲಿ ಕುರ್ಚಿಯಲ್ಲಿ ಕೂತೇ ಇದ್ದಿ ಅಂತ ನಿಯಾಝ್ ಇವತ್ತು ಹುಡುಕುವಾಗ ಹೇಳಿದ್ದು. ನಿನ್ನ ಹೆಸರಲ್ಲಿ ನಾನು ಎಂತದೂ ಕಟ್ಲಿಲ್ಲ."

ಅವರ ಕೈ ನನ್ನ ತಲೆಯ ಸುತ್ತ ನಿಧಾನವಾಗಿ ಸುತ್ತತೊಡಗಿತು. ರೂಪಾಯಿಗೆ ಅಂಟಿದ್ದ ಲಾಯ್ಡ್‌ನ ಮಣ್ಣು ನನ್ನ ಶಾಲಿನ ಮೇಲೆ ಉದುರಿತು. ನನಗೆ ಅಳು ಒತ್ತಿ ಬಂದು ಭುಜ ನಡುಗಿತು.

"ಮಮ್ಮೀ, ಡೋಂಟ್ ಮೂವ್" ಎಂದಳು ಮಿನ್ಹಾ.

ನಾನು ಅಲುಗಲಿಲ್ಲ.