ಇಂಗ್ಲಿಷಿನ ಪರ ನಿಂತವಳು

ಚೀಟಿ ಎತ್ತಿದಾಗ ಸ್ನೇಹಲಳಿಗೆ ಬಂದದ್ದು 'ಪರ'. ಮಹಾರಾಷ್ಟ್ರದ ಗಡಿಯೂರು ಜತ್ತಿನ ಕಾಲೇಜಿನ ಚರ್ಚಾಸ್ಪರ್ಧೆಗೆ ಆ ವರ್ಷ ಇಟ್ಟ ವಿಷಯ, ದೇಶಕ್ಕೆಲ್ಲ ಇಂಗ್ಲಿಷ್ ಒಂದೇ ಆಡಳಿತ ಭಾಷೆಯಾಗಬೇಕೋ ಬೇಡವೋ ಅನ್ನೋದು. ಮಾತಾಡಬೇಕಾದದ್ದು ಮಾತ್ರ ಮರಾಠಿಯಲ್ಲಿ. ಅದು ಅವಳಿಗೆ ಕಷ್ಟವಲ್ಲ. ಸನಮಡಿ ಹಳ್ಳಿಯ ಮನೆಯಲ್ಲಿ ಕನ್ನಡವಾದರೂ ಐದನೆಯ ಇಯತ್ತೆಯಿಂದ ಕಲಿತದ್ದೆಲ್ಲ ಮರಾಠಿ ಸಾಲಿಯಲ್ಲೇ. ಅವಳ ಉಚ್ಚಾರ ಕೇಳಿದ ಪ್ರಾಧ್ಯಾಪಕರೊಬ್ಬರು ಪುಣೆಯ ಕಡೆಯವಳೇನೋ ಅಂದುಕೊಂಡಿದ್ದರು. ಕಷ್ಟವಾದದ್ದು ಪರವಾಗಿ ಏನು ಹೇಳಬೇಕು ಅನ್ನೋದು. ಇಂಗ್ಲಿಷ್ ಪೇಪರಿನಲ್ಲಿ ಅವಳೇ ಕಷ್ಟಪಟ್ಟು ಪಾಸಾಗುತ್ತಿದ್ದಳು.

ಎದುರು ಪಕ್ಷದವಳು ಸೋನಾಲಿ. ಶೇಗಾಂವದ ಮರಾಠಿ ಮನೆಯ ಹುಡುಗಿ, ಸ್ನೇಹಲಳ ಜೀವದ ಗೆಳತಿ.

ಸ್ಪರ್ಧೆಯ ದಿನ ಸ್ನೇಹಲ ಪುಸ್ತಕದ ಮಾತು ಬಿಟ್ಟು ತನ್ನವ್ವನ ಮಾತು ಹೇಳಿದಳು. ತಾನು ಸಣ್ಣವಳಿದ್ದಾಗ ಅವ್ವ ಮಾಯಕ್ಕ ಜಡ್ಡಾಗಿ ಜತ್ತಿನ ಒಬ್ಬ ಡಾಕ್ಟರ ಹತ್ತಿರ ಹೋಗಿದ್ದಳು. ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುವಷ್ಟು ಮರಾಠಿ ಮಾಯಕ್ಕನಿಗೆ ಬರುತ್ತಿತ್ತು, ಒಳಗಿನ ನೋವು ಹೇಳುವಷ್ಟು ಬರುತ್ತಿರಲಿಲ್ಲ. "ಹೊಟ್ಯಾಗ ಸಂಕಟ ಆಗತೈತಿ" ಅನ್ನುವುದನ್ನೇ, ಸಂಕಟ ಶಬ್ದ ಹಾಗೇ ಉಳಿಸಿ, ಹೇಗೋ ಮರಾಠಿ ಮಾಡಿ ಹೇಳಿದಳು. ಮರಾಠಿಯಲ್ಲಿ ಸಂಕಟ ಅಂದರೆ ದೊಡ್ಡ ಗಂಡಾಂತರ. "ನಿನ್ನ ಹೊಟ್ಟೆಯಲ್ಲಿ ಯಾವ ಗಂಡಾಂತರ ಬಂತವ್ವಾ, ನೆರೆ ಬಂತೋ, ಭೂಕಂಪ ಆಯಿತೋ?" ಎಂದು ಡಾಕ್ಟರು ನಕ್ಕರು. ಹೊರಗೆ ಕೂತವರೂ ನಕ್ಕರು. ಮಾಯಕ್ಕ ಗುಳಿಗೆ ತೆಗೆದುಕೊಂಡು ತಲೆ ತಗ್ಗಿಸಿ ಮನೆಗೆ ಬಂದಳು.

"ನನ್ನ ತಾಯಿಗೆ ನಕ್ಕ ಭಾಷೆ ಮರಾಠಿ," ಎಂದಳು ಸ್ನೇಹಲ. "ಗಡಿಯ ಆ ಕಡೆ ಹೋದರೆ ಕನ್ನಡವೂ ಸೋನಾಲಿಯ ತಾಯಿಗೆ ಹೀಗೇ ನಗುತ್ತದೆ. ಒಬ್ಬರ ಮನೆಯ ಭಾಷೆ ಇನ್ನೊಬ್ಬರಿಗೆ ಸರಕಾರವಾದರೆ ಇದು ತಪ್ಪುವುದಿಲ್ಲ. ಎಲ್ಲರಿಗೂ ಹೊರಗಿನದಾದ ಭಾಷೆ ಇದ್ದರೆ ಎಲ್ಲರೂ ಸಮನಾಗಿ ತಡವರಿಸುತ್ತೇವೆ."

ಸೋನಾಲಿ ಎದ್ದು ಉತ್ತರ ಕೊಟ್ಟಳು: "ಆ ಡಾಕ್ಟರು ನಕ್ಕರು ಅಂದರೆ ಕೇಳಿಸಿಕೊಂಡರು ಎಂದಾದರೂ ಆಯಿತು. ಇಂಗ್ಲಿಷ್ ನಿನ್ನ ತಾಯಿಯ ಮಾತನ್ನ ಕೇಳಿಸಿಕೊಳ್ಳುವುದೂ ಇಲ್ಲ. ಬಾಗಿಲಲ್ಲೇ ನಿಲ್ಲಿಸುತ್ತದೆ, ನನ್ನ ತಾಯಿಯನ್ನೂ ಜೊತೆಗೆ."

ಆ ಮಾತು ಸ್ನೇಹಲಳಿಗೆ ನಾಟಿತು. ಆದರೂ ಬಹುಮಾನ ಬಂದದ್ದು ಅವಳಿಗೆ. ಸೋನಾಲಿ ಓಡಿಬಂದು ಅಪ್ಪಿಕೊಂಡಳು. ಇಬ್ಬರೂ ಸ್ಟ್ಯಾಂಡಿನ ಹತ್ತಿರ ಭಜಿ ತಿಂದು ತಮ್ಮ ತಮ್ಮ ಬಸ್ಸು ಹತ್ತಿದರು.

ಮರುದಿನ ಬೆಳಿಗ್ಗೆ ಊರ ತುಂಬ ಒಂದು ವಿಡಿಯೋ ಹರಿದಾಡುತ್ತಿತ್ತು. ಅದರಲ್ಲಿ ಇದ್ದದ್ದು ಒಂದೇ ಮಾತು: ನನ್ನ ತಾಯಿಗೆ ನಕ್ಕ ಭಾಷೆ ಮರಾಠಿ. ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ.

ಅಪ್ಪ ಧರೆಪ್ಪನದು ಜತ್ತಿನ ಪೇಟೆಯಲ್ಲಿ ಹೊಲಿಗೆ ಅಂಗಡಿ. ಶಟರ್ ಎತ್ತುವಾಗಲೇ ಅಪ್ಪಾಸಾಹೇಬ ನಾಲ್ಕೈದು ಮಂದಿಯನ್ನು ಕರೆದುಕೊಂಡು ಬಂದ. ಅವನು ಮರಾಠಿ ಭಾಷೆಯ ಹೆಸರಿನ ಒಂದು ಸಂಘಟನೆಯ ತಾಲೂಕು ಮುಖಂಡ. ಮರಾಠಿಯಲ್ಲಿ ಜೋರಾಗಿ, "ಮಗಳು ಮಾಫಿ ಕೇಳುವವರೆಗೆ ಈ ಅಂಗಡಿ ಮುಚ್ಚಿರಲಿ" ಎಂದ. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿ ಅಚ್ಚ ಕನ್ನಡದಲ್ಲಿ, "ಧರೆಪ್ಪಾ, ನಮ್ಮವ್ವನೂ ಕನ್ನಡದಾಕಿನ. ನನಗೇನ ಸಿಟ್ಟಿಲ್ಲ. ಆದ್ರ ಈ ಹುಡುಗೂರ ಮುಂದ ನಾ ಸುಮ್ಕ ಇದ್ರ ನಡಿಯೂದಿಲ್ಲ. ಲಗೂನ ಮುಗಿಸಿಬಿಡೋ," ಎಂದ.

ಧರೆಪ್ಪ ಶಟರ್ ಇಳಿಸಿ ಸನಮಡಿಗೆ ವಾಪಸ್ಸು ಬಂದ. ಕಾಲೇಜಿನಿಂದ ಫೋನು ಬಂತು, ಗದ್ದಲ ತಣ್ಣಗಾಗುವವರೆಗೆ ಹುಡುಗಿ ಮನೆಯಲ್ಲೇ ಇರಲಿ ಎಂದು. ಸ್ನೇಹಲ ಹೊರಗೆ ನೀರಿಗೆ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಬಾಗಿಲು ಹಾಕಿಕೊಂಡು ಕೂತರೆ ಫೋನು ನಡುಗುತ್ತಲೇ ಇರುತ್ತಿತ್ತು, ಗುರುತಿಲ್ಲದ ಗಂಡಸರ ಹೊಲಸು ಮಾತು ಹೊತ್ತು. ಫೋನು ಬಂದ್ ಮಾಡಿದರೆ ಹೊರಗೆ ಏನು ನಡೆದಿದೆಯೋ ತಿಳಿಯದೆ ಇನ್ನೂ ಹೆದರಿಕೆ. ಮನೆಯ ಗೋಡೆಗಳು ದಿನಾ ಒಂದಿಷ್ಟು ಒಳಗೆ ಸರಿಯುತ್ತಿವೆ ಅನಿಸತೊಡಗಿತು.

"ನಂದಽ ತಪ್ಪ ನೋಡು," ಎಂದು ಮಾಯಕ್ಕ ಒಲೆಯ ಮುಂದೆ ಗೊಣಗುತ್ತಿದ್ದಳು. "ಎಂದೋ ಆಗಿ ಹೋದ ಮಾತ. ಮನ್ಯಾಗ ಎತ್ತಬಾರದಿತ್ತು."

ಒಂದು ಮಧ್ಯಾಹ್ನ ಮನೆಯ ಮುಂದೆ ಕಾರು ನಿಂತಿತು. ಇಳಿದವನು ಮುರಗೆಪ್ಪ, ಗಡಿಯಾಚೆಯ ಒಂದು ಕನ್ನಡ ಸಂಘದ ಅಧ್ಯಕ್ಷ. ಕೈಯಲ್ಲಿ ಶಾಲು, ಹಾರ.

"ಮಾಫಿ ಕೇಳಬ್ಯಾಡವಾ ತಂಗಿ," ಎಂದ. "ವಿಜಯಪುರದಾಗ ದೊಡ್ಡ ಸನ್ಮಾನ ಇಟ್ಟೀವಿ. ಅಲ್ಲೇ ಕಾಲೇಜು, ಹಾಸ್ಟೆಲು, ಎಲ್ಲಾ ನಮ್ಮ ಜವಾಬ್ದಾರಿ. ನೀ ಬಂದು ಇಲ್ಲಿ ಕನ್ನಡದವರಿಗೆ ಎಷ್ಟ ತ್ರಾಸ ಕೊಡ್ತಾರ ಅಂತ ಹೇಳಿದ್ರ ಸಾಕು."

ಒಂದು ಕ್ಷಣ ಸ್ನೇಹಲಳಿಗೆ ಕಿಟಕಿ ತೆರೆದಂತಾಯಿತು. ಆದರೆ ಬಾಯಿಗೆ ಬಂದದ್ದು ಬೇರೆ. "ನಾ ಕನ್ನಡದ ಪರ ಮಾತಾಡಿಲ್ಲರೀ ಕಾಕಾ. ಇಂಗ್ಲಿಷಿನ ಪರ ಮಾತಾಡೀನಿ."

"ಆ ಇಂಗ್ಲಿಷಿನ ಮಾತ ತಗೀಬ್ಯಾಡ. ಅದ್ಯಾರಿಗೆ ಬೇಕಾಗೈತಿ?"

"ನಾ ಅಲ್ಲಿ ಹೋದ್ರ, ಅಪ್ಪಾ ಅವ್ವಾ ಇಲ್ಲೇ ಇರಬೇಕಲ್ಲರೀ?"

ಮುರಗೆಪ್ಪ "ವಿಚಾರ ಮಾಡವಾ" ಎಂದು ಹಾರ ಇಟ್ಟು ಹೋದ.

ಆ ಸಂಜೆ ಸ್ನೇಹಲ ಸೋನಾಲಿಗೆ ಫೋನು ಮಾಡಿದಳು. ಸೋನಾಲಿಯ ಹತ್ತಿರ ಪೂರ್ತಿ ಭಾಷಣದ ವಿಡಿಯೋ ಇತ್ತು. ಅದನ್ನು ಹಾಕಬೇಡ ಎಂದು ಮನೆಯವರು ಗದರಿದರೂ ಅವಳು ಹಾಕಿದಳು. ಇನ್ನು ಎಲ್ಲರಿಗೂ ನಿಜ ತಿಳಿಯುತ್ತದೆ ಎಂದು ಸ್ನೇಹಲ ಅಷ್ಟು ದಿನಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಪೂರ್ತಿ ನೋಡುವ ವ್ಯವಧಾನ ಯಾರಿಗಿತ್ತು? ಆ ವಿಡಿಯೋದಿಂದ ಇನ್ನೊಂದು ತುಂಡು ಹೊರಬಿತ್ತು: ಕನ್ನಡವೂ ಸೋನಾಲಿಯ ತಾಯಿಗೆ ಹೀಗೇ ನಗುತ್ತದೆ. ಮುರಗೆಪ್ಪನ ಫೋನು ಬಂತು. "ಇಬ್ಬರಿಗೂ ಬೈದು ಕುಂತೀಯಲ್ಲ! ನಿನಗ ಮಾತೃಭಾಷಾ ಅನ್ನೂದಽ ಇಲ್ಲೇನ?" ಎಂದು ಇಟ್ಟುಬಿಟ್ಟ. ತೆರೆದಿದ್ದ ಒಂದು ಕಿಟಕಿಯೂ ಮುಚ್ಚಿತು.

ಸ್ನೇಹಲ ಅಪ್ಪನ ಮುಂದೆ ಬಂದು ನಿಂತಳು. "ಅಪ್ಪಾಸಾಹೇಬನ್ನ ಬರ ಹೇಳ್ರಿ," ಎಂದಳು.

ಅಪ್ಪಾಸಾಹೇಬ ತನ್ನವರೊಂದಿಗೆ ಬಂದ. ಅಂಗಳದಲ್ಲಿ ಕುರ್ಚಿ ಹಾಕಿಸಿದ. ಒಬ್ಬ ಫೋನು ಹಿಡಿದ. ಸ್ನೇಹಲ ತನ್ನ ಪುಣೆಯಂಥ ಮರಾಠಿಯಲ್ಲಿ, ನನ್ನ ಮಾತಿನಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮಿಸಿ ಎಂದಳು. ಶಬ್ದ ಒಂದೂ ತಡೆಯಲಿಲ್ಲ. ತಾನೇ ಇಷ್ಟಪಟ್ಟು ಕಲಿತ ಭಾಷೆ ಬಾಯಲ್ಲಿ ಬೂದಿಯಂತಿತ್ತು.

"ಇಷ್ಟೇ ಸಾಲದು," ಎಂದ ಫೋನು ಹಿಡಿದವನು. "ಡಾಕ್ಟರು ನಕ್ಕದ್ದು ಸುಳ್ಳು, ನಾನು ಕಟ್ಟಿ ಹೇಳಿದೆ ಅಂತ ಹೇಳು."

ಸ್ನೇಹಲ ಒಳಬಾಗಿಲ ಕಡೆ ತಿರುಗಿ ನೋಡಿದಳು. ಅಪ್ಪಾಸಾಹೇಬ ನೆಲ ನೋಡುತ್ತ ಕೂತ. ಧರೆಪ್ಪ ಎರಡು ಕೈ ಹಿಸುಕಿಕೊಂಡ.

ಆಗ ಮಾಯಕ್ಕ ಸೆರಗು ಸರಿಮಾಡಿಕೊಳ್ಳುತ್ತ ಒಳಗಿನಿಂದ ಬಂದು ಮಗಳ ಮುಂದೆ ನಿಂತಳು. ಫೋನಿನತ್ತ ಮುಖ ಮಾಡಿ ತನ್ನ ಸಂತೆಯ ಮರಾಠಿಯಲ್ಲಿ, ಗಂಡಸು ಆಡುವಂತೆ ಕ್ರಿಯಾಪದ ಹಚ್ಚಿ, ಹೇಳಿದಳು: "ಮನೆಯಲ್ಲಿ ಅವಳಿಗೆ ಸುಳ್ಳು ಹೇಳಿದವನು ನಾನು. ಡಾಕ್ಟರು ನಗಲಿಲ್ಲ. ಅವಳು ಸಣ್ಣವಳಿದ್ದಳು, ಅವಳಿಗೆ ತಿಳಿಯಲಿಲ್ಲ."

ಅಪ್ಪಾಸಾಹೇಬ ಎದ್ದು ಫೋನು ಇಳಿಸು ಎಂದು ಸನ್ನೆ ಮಾಡಿದ. "ಮುಗೀತು ತಗೋ ಅಕ್ಕಾ," ಎಂದು ಚಹಾ ಕೂಡ ಕುಡಿಯದೆ ನಡೆದ.

ಅವರು ಹೋದ ಮೇಲೆ ಸ್ನೇಹಲ ಅವ್ವನ ಮೇಲೆ ಹರಿಹಾಯ್ದಳು. "ನೀ ಯಾಕ ಬಂದಿ? ನಿನಗ ಆದದ್ದು ಖರೇ ಅಲ್ಲೇನ?"

"ಖರೇ ಐತಿ. ನನಗ ಗೊತ್ತ ಐತಿ, ನಿನಗ ಗೊತ್ತ ಐತಿ. ನಾ ಅಂದ್ರ ಇಲ್ಲಿಗೇ ಮುಗೀತತಿ. ನೀ ಅಂದಿದ್ರ ಜಲ್ಮ ತನಕಾ ಬೆನ್ನ ಹತ್ತತಿತ್ತು," ಎಂದು ಮಾಯಕ್ಕ ಅಕ್ಕಿ ಆರಿಸಲು ಕೂತಳು.

ಸ್ನೇಹಲ ಗೋಡೆಗೆ ಮುಖ ಮಾಡಿ ಅತ್ತಳು. ಅವ್ವ ತನ್ನನ್ನು ಬಿಡಿಸಿದ್ದಳು, ಬಿಡಿಸಲು ಸುಳ್ಳಿಯೆನಿಸಿಕೊಂಡು ಅವಳೇ ಆ ಬಲೆಯೊಳಗೆ ಕೂತಿದ್ದಳು. ಇದನ್ನು ಹೇಗೆ ಹೊರಬೇಕು ಎಂದು ಅವಳಿಗೆ ತಿಳಿಯಲಿಲ್ಲ.

ಅಂಗಡಿ ತೆರೆಯಿತು. ಕಾಲೇಜೂ ಕರೆಯಿತು. ಜಿಲ್ಲಾ ಮಟ್ಟದ ಸ್ಪರ್ಧೆಗೆ ಮಾತ್ರ ಸೋನಾಲಿಯೊಬ್ಬಳನ್ನೇ ಕಳಿಸುವುದೆಂದು ನಿಶ್ಚಯವಾಗಿತ್ತು. ಅವಳು ಹೋಗುವುದಿಲ್ಲ ಎಂದು ಹಟ ಹಿಡಿದು ಸನಮಡಿಗೆ ಬಂದಳು. "ಹೋಗಿ ಬಾ. ನಿನ್ನ ಮಾತೂ ಸುಳ್ಳಲ್ಲ," ಎಂದು ಸ್ನೇಹಲಳೇ ಒಪ್ಪಿಸಿದಳು.

ಸೋನಾಲಿ ಕೇಳಿದಳು, "ಸ್ಪರ್ಧೆ ಬಿಡು. ನಿಜವಾಗಿ ನಿನಗೇನು ಅನಿಸುತ್ತದೆ, ಇಂಗ್ಲಿಷ್ ಬರಬೇಕೋ ಬೇಡವೋ?"

"ಬಾಗಿಲು ಹಾಕಿ ಬಾ, ಹೇಳುತ್ತೇನೆ," ಎಂದಳು ಸ್ನೇಹಲ.

ಸೋನಾಲಿ ಎದ್ದು ಬಾಗಿಲು ಹಾಕಿದಳು, ಚಿಲಕವನ್ನೂ ಜಗ್ಗಿದಳು, ಬಂದು ಎದುರಿಗೆ ಕೂತಳು. ಸ್ನೇಹಲ ಅವಳ ಕೈಯಲ್ಲಿದ್ದ ಫೋನನ್ನು ನೋಡಿದಳು. ಸೋನಾಲಿ ಅದನ್ನು ಬಂದ್ ಮಾಡಿ ಪಕ್ಕಕ್ಕಿಟ್ಟಳು. ಆದರೂ ಸ್ನೇಹಲ ಏನೂ ಹೇಳಲಿಲ್ಲ.